ಚಿಗಟೇರಿ ಕಡೆಯ ಗೋಡೆ

ಕೊಟ್ಟೂರು
9 ಜುಲೈ 2025

ಗೆಳೆಯ ಮೈಲಪ್ಪನಿಗೆ, ಹುಲುಗಪ್ಪನ ಶರಣು.

ನಿನ್ನ ಕಾಗದ ಯುಗಾದಿಗೆ ಮುಂಚೆಯೇ ಬಂದಿತ್ತು. ಉತ್ತರ ಈಗ ಬರೆಯುತ್ತಿದ್ದೇನೆ. ತಡವಾಯಿತು, ತಪ್ಪಾಯಿತು. ಫೋನು ಮಾಡಬಹುದಿತ್ತು. ಮಾಡಿದರೆ ಮೊದಲ ಮಾತಿಗೇ ನಾನು ಬೈಯುತ್ತೇನೆ, ನೀನು ಇಟ್ಟುಬಿಡುತ್ತೀ. ಕಾಗದವಾದರೆ ಪೂರಾ ಓದಲೇಬೇಕು. ಮನೆಯಲ್ಲಿ ಕೆಂಚಕ್ಕನ ಮಂಡಿನೋವು ಹೇಗಿದೆ? ನನಗೆ ಬಲಗಣ್ಣಿನ ಪೊರೆ ತೆಗೆದರು. ಅಕ್ಷರ ಸೊಟ್ಟ ಬಿದ್ದರೆ ನಗಬೇಡ, ನೀನೂ ನಾಲ್ಕನೆಯ ಕ್ಲಾಸಿಗೇ ಬಿಟ್ಟವನು.

ನೀನು ಕೇಳಿದ್ದು ಒಂದೇ ಮಾತು. ಕರೇಹಳ್ಳದ ಸೇತುವೆ ಕುಸಿದದ್ದು ನಿನ್ನ ಕೈಕೆಲಸದಿಂದಲ್ಲ ಎಂದು ನಾನು ನಾಲ್ವರು ಮೇಸ್ತ್ರಿಗಳ ಎದುರು ಹೇಳಬೇಕು. ಓದಿದ ಕೂಡಲೇ ನನಗೆ ಅನುಮಾನ ಬಂತು. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗ ಯಾಕೆ ಕೇಳಿದ? ಯಾರೋ ಕಿವಿ ಊದಿರಬೇಕು, ಏನೋ ಹೂಟ ಇರಬೇಕು ಎಂದುಕೊಂಡು ಕಾಗದವನ್ನು ಹಾಸಿಗೆಯ ಅಡಿಗೆ ತುರುಕಿದೆ.

ಅದೂ ಅಲ್ಲದೆ, ನನಗೆ ಲೆಕ್ಕ ಸರಳವಾಗಿಯೇ ಇತ್ತು. ಎಲ್ಲ ಸೇತುವೆಗೂ ನಾವು ದಂಡೆ ಹಂಚಿಕೊಳ್ಳುತ್ತಿದ್ದೆವು. ಒಂದು ದಂಡೆಯ ಗೋಡೆ ನಿನ್ನದು, ಇನ್ನೊಂದು ನನ್ನದು. ಯಾರ ಗೋಡೆ ಸೊಟ್ಟವೋ ಅವನು ಮಿರ್ಚಿ, ಮಂಡಕ್ಕಿ ಕೊಡಿಸಬೇಕು. ಕರೇಹಳ್ಳದಲ್ಲಿ ಹರಪನಹಳ್ಳಿ ಕಡೆಯದು ನನ್ನದು, ಚಿಗಟೇರಿ ಕಡೆಯದು ನಿನ್ನದು. ಮೇಲಿನ ಕಾಂಕ್ರೀಟು ಹಾಸು ಒಂದೇ. ಮಳೆ ಹೊಡೆಯಿತು, ನಿನ್ನ ಗೋಡೆ ನಾಲ್ಕು ಬೆರಳು ಇಳಿಯಿತು, ಹಾಸು ಸೀಳಿತು. ನನ್ನ ಗೋಡೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಒಂದೇ ಹಾಸನ್ನು ಹೊತ್ತ ಎರಡು ಗೋಡೆಗಳಲ್ಲಿ ಒಂದೇ ಯಾಕೆ ಇಳಿಯಬೇಕು? ಎಂಜಿನಿಯರ್ ಕೇಳಿದಾಗ, “ಮೈಲಪ್ಪ ಬುನಾದಿಗೆ ಸಡ್ಲ ಗರಸುಮಣ್ಣು ತುಂಬ್ಯಾನ್ರಿ” ಎಂದೆ. ಕಣ್ಣಾರೆ ಕಂಡಿರಲಿಲ್ಲ. ಆದರೂ ಅಂದೆ. ಆಮೇಲೆ ಹಡಗಲಿಯಿಂದ ಹಗರಿಬೊಮ್ಮನಹಳ್ಳಿವರೆಗೂ ಯಾರೂ ನಿನಗೆ ಬುನಾದಿ ಕೆಲಸ ಕೊಡಲಿಲ್ಲ. ನೀನು ಸುಣ್ಣ ಬಳಿಯಲು ಇಳಿದೆ ಎಂದು ಕೇಳಿ, ಸರಿಯಾಯಿತು ಎಂದೇ ಅಂದುಕೊಂಡಿದ್ದೆ.

ಈಗ ಹೋದ ವಾರದ ಸುದ್ದಿ ಕೇಳು. ನಮ್ಮ ಮಗ ಹುಲುಗೇಶನ ಹೆಂಡತಿ ಕೋಮಲಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಐಸ್‌ಕ್ರೀಮ್ ಕಡ್ಡಿಗಳನ್ನು ಅಂಟಿಸಿ ಮೊಳದುದ್ದದ ಸೇತುವೆ ಮಾಡಿದಳು. ಅದರ ಎರಡು ತುದಿಗಳನ್ನು ಎರಡು ತೂಕದ ಮಷೀನುಗಳ ಮೇಲೆ ಇಟ್ಟಳು. ನನಗೆ ಮತ್ತೆ ಅನುಮಾನ ಎದ್ದಿತು. ಅವಳ ತವರು ಹರಪನಹಳ್ಳಿ. ನೀನಿರುವುದೂ ಅಲ್ಲೇ.

“ನಿನಗ ಇದನ್ನ ಮಾಡಂತ ಆ ಮೈಲಪ್ಪ ಹೇಳಿ ಕಳಿಸ್ಯಾನೇನು?” ಎಂದೆ.

“ಯಾವ ಮೈಲಪ್ಪ ರೀ ಮಾವ? ನಾಳಿ ಎಂಟನೇ ಕ್ಲಾಸಿಗೆ ತೋರಿಸ್ಬೇಕು. ಅಂಟು ಇನ್ನಾ ಹಸಿ ಐತಿ, ಮುಟ್ಟಬ್ಯಾಡ್ರಿ.”

ಅಂಟು ಒಣಗಿದ ಮೇಲೆ ಒಂದು ಕಿಲೋ ಜೋಳದ ಚೀಲವನ್ನು ಸೇತುವೆಯ ನಟ್ಟನಡುವೆ ಇಟ್ಟಳು. ಎರಡೂ ಮಷೀನಿನಲ್ಲಿ ಅರ್ಧರ್ಧ ಕಿಲೋ. ನಾನು ಹೇಳುತ್ತಿದ್ದುದೂ ಅದೇ ಅಲ್ಲವೇ ಎಂದು ಮೀಸೆ ತಿರುವಿದೆ. ಆಮೇಲೆ ಚೀಲವನ್ನು ಒಂದು ತುದಿಯ ಹತ್ತಿರ ಸರಿಸಿದಳು. ಆ ಕಡೆಯ ಮಷೀನು ಎಂಟುನೂರು ಗ್ರಾಂ ಎಂದಿತು, ಈ ಕಡೆಯದು ಇನ್ನೂರು.

“ನಿನ್ ಮಷೀನು ಕೆಟ್ಟಾವು,” ಎಂದೆ. ಮಷೀನುಗಳನ್ನು ಅದಲು ಬದಲು ಮಾಡಿದೆ. ಅದೇ ಎಂಟುನೂರು, ಅದೇ ಇನ್ನೂರು. ಕಡ್ಡಿಯಲ್ಲಿ ಮೋಸವಿರಬೇಕೆಂದು ಸೇತುವೆಯನ್ನೇ ಹಿಂದುಮುಂದು ತಿರುಗಿಸಿದೆ. ಆಗಲೂ ಅಷ್ಟೇ. ಜೋಳದ ಮೇಲೂ ನಂಬಿಕೆ ಹೋಗಿ, ಗೋಡೆ ನೇರ ನೋಡುವ ನನ್ನ ಕಬ್ಬಿಣದ ಗುಂಡನ್ನು ತಂದಿಟ್ಟೆ. ಎಲ್ಲಿ ಇಟ್ಟೆನೋ ಆ ಕಡೆಯ ತುದಿಗೇ ಹೆಚ್ಚು ಭಾರ.

ಅವಳು ನಕ್ಕಳು. “ಎಷ್ಟು ಸಲ ತಿರುವಿ ಹಾಕಿದ್ರೂ ಅಷ್ಟ ರೀ ಮಾವ. ಕಡ್ಡಿಗೇನು ಮಂದಿ ಗುರ್ತು ಇರ್ತೈತಾ?”

ಆ ಮಾತು ಕೇಳಿದ್ದೇ, ಕರೇಹಳ್ಳದಲ್ಲಿ ಬದಿಯ ತಡೆಗೋಡೆಗೆಂದು ತರಿಸಿದ ಕಲ್ಲು ನೆನಪಾಯಿತು. ಟ್ರ್ಯಾಕ್ಟರ್ ಬರಲು ದಾರಿ ಇದ್ದದ್ದು ಚಿಗಟೇರಿ ಕಡೆಯಿಂದ ಮಾತ್ರ. ಅಷ್ಟನ್ನೂ ಹಸಿ ಹಾಸಿನ ಆ ತುದಿಯಲ್ಲೇ ಒಟ್ಟಿಸಿದವನು ನಾನು. ಹಾಸು ಒಂದೇ, ಎಲ್ಲಿಟ್ಟರೂ ಎರಡೂ ಗೋಡೆಗೆ ಸಮ ಎಂದು ತಿಳಿದಿದ್ದೆ. ಇಬ್ಬರು ಬಿದಿರಿನ ಗಳಕ್ಕೆ ಕಲ್ಲು ಕಟ್ಟಿ ಹೊರುವಾಗ ಅದು ಯಾರ ಕಡೆ ಜಾರುತ್ತದೋ ಅವನ ಹೆಗಲು ಮುರಿಯುತ್ತದೆ ಎಂದು ಹದಿನೈದನೆಯ ವಯಸ್ಸಿಗೇ ಗೊತ್ತಿತ್ತು. ಸೇತುವೆಗೆ ಬಂದಾಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ನಿನ್ನ ಗೋಡೆಗೆ ನಾಲ್ಕು ಪಾಲು ಹೊರಿಸಿ, ನನ್ನದಕ್ಕೆ ಒಂದು ಪಾಲು ಕೊಟ್ಟು, ನನ್ನ ಕೆಲಸ ಗಟ್ಟಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಇಷ್ಟಾದರೂ ನನಗೆ ಅನುಮಾನ ಪೂರಾ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಗರಸು ಸ್ವಲ್ಪ ಸಡಿಲ ಇತ್ತೇನೋ ಎಂದು ಮನಸ್ಸು ಈಗಲೂ ಕೆದಕುತ್ತದೆ. ಆದರೆ ಕಾಣದ್ದನ್ನು ಕಂಡೆ ಎಂದವನು ನಾನು. ಬರುವ ಭಾನುವಾರ ಹತ್ತು ಗಂಟೆಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಗೆ ಬರುತ್ತೇನೆ. ಪಾಲಾಕ್ಷಪ್ಪ ಮೇಸ್ತ್ರಿಗೂ ಉಳಿದ ಮೂವರಿಗೂ ಹೇಳಿ ಕಳಿಸಿದ್ದೇನೆ. ನೀನು ಕೇಳಿದ ಮಾತು ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ.

ಕೆಂಚಕ್ಕನಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ಮೈಲಾರಲಿಂಗ ಒಳ್ಳೆಯದು ಮಾಡಲಿ, ನಮ್ಮಿಬ್ಬರಂಥ ಸಿಟ್ಟು ಕೊಡದಿರಲಿ.

ಇಂತಿ,
ಹುಲುಗಪ್ಪ

ತಾ.ಕ.: ನಿನ್ನ ಕಾಗದದ ಕೊನೆಯ ಸಾಲಿಗೆ ಉತ್ತರ ಬರೆದಿಲ್ಲ. “ಕಲ್ಲು ಒಂದೇ ಕಡಿ ಒಟ್ಟಬ್ಯಾಡೋ ಅಂತ ಹಳ್ಳದಾಗಿಂದ ಕೂಗಿದ್ನಿ. ಮಿಕ್ಸರ್ ಸದ್ದಿಗೆ ನಿನಗ ಕೇಳ್ಸಿಲ್ಲ, ಅದಕ್ಕ ನನಗ ನಿನ್ ಮ್ಯಾಲೆ ಸಿಟ್ಟಿಲ್ಲ,” ಎಂದು ಬರೆದಿದ್ದೀ. ಮೈಲಪ್ಪ, ಆಗ ಮಿಕ್ಸರ್ ನಿಂತಿತ್ತು, ಡೀಸೆಲ್ ಮುಗಿದಿತ್ತು. ನನಗೆ ಕೇಳಿಸಿತು. ಆಳುಗಳ ಮುಂದೆ ನನಗೆ ಬುದ್ಧಿ ಹೇಳಲು ಇವನ್ಯಾರು ಎಂದು, ಬೇಕೆಂತಲೇ ಇನ್ನೊಂದು ಟ್ರ್ಯಾಕ್ಟರ್ ಕಲ್ಲನ್ನು ಅಲ್ಲೇ ಇಳಿಸಿದೆ. ಭಾನುವಾರ ಇದನ್ನೂ ಹೇಳುತ್ತೇನೆ. ನೀನು ಸಿಟ್ಟು ಮಾಡಿಕೊಂಡೇ ಬಾ.