ನನ್ನ ಹೆಸರಿಗೆ ತೆರೆಯದ ಪುಟ

ಹೆರ್ನೋಸಾಂಡ್
೧೪ ನವೆಂಬರ್, ಗುರುವಾರ

ಪ್ರೀತಿಯ ಟೂವಾ,

ನಿನ್ನ ಎಡಗೈಯ ಮಣಿಕಟ್ಟು ಈಗ ಹೇಗಿದೆ? ಪಟ್ಟಿ ಬಿಚ್ಚಿದ್ದಾರೆಯೇ? ಬಿಚ್ಚಿದ್ದರೆ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಕೈ ಅದ್ದಿಟ್ಟು ಆಮೇಲೆ ಮಗ್ಗಕ್ಕೆ ಕೂರು. ಬುದ್ಧಿ ಹೇಳಬಾರದು ಎಂದುಕೊಂಡೇ ಕಾಗದ ತೆಗೆದುಕೊಂಡೆ, ಮೂರನೆಯ ಸಾಲಿಗೇ ಹೇಳಿಯಾಯಿತು. ನಾನು ಚೆನ್ನಾಗಿದ್ದೇನೆ. ಮಂಡಿ ಹೋದ ವರ್ಷದಷ್ಟೇ ನೋಯುತ್ತದೆ, ಹೆಚ್ಚೇನಿಲ್ಲ. ಮಹಡಿಯ ಮೇಲಿನ ಮನೆಗೆ ನನ್ನ ತಂಗಿ, ನಿನ್ನ ಚಿಕ್ಕಮ್ಮ ಗುನ್‌ಬ್ರಿಟ್, ಬಂದಿರುವುದು ನಿನಗೆ ಗೊತ್ತಿದೆ. ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಈ ದಿನಗಳಲ್ಲಿ ಅವಳು ಇಳಿದು ಬಂದು, ನನ್ನ ಕಾಫಿ ಕುಡಿದು, ನನ್ನ ಏಲಕ್ಕಿ ಬನ್ನು ತಿಂದು, ಬನ್ನಿಗೆ ಬೆಣ್ಣೆ ಕಡಿಮೆಯಾಗಿದೆ ಎಂದು ಹೇಳಿ ಹೋಗುತ್ತಾಳೆ.

ನಿನ್ನ ಕೈ ಮುರಿದದ್ದು ನನಗೆ ಹೇಗೆ ತಿಳಿಯಿತು ಎಂದು ನೀನು ಕೇಳುತ್ತೀಯ. ಚಿಕ್ಕಮ್ಮ ಹೇಳಲಿಲ್ಲ. ಅದನ್ನು ತಿಳಿಸುವುದಕ್ಕೇ ಈ ಕಾಗದ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದೆ, ಫೋನಿನಲ್ಲಿ ಚಿತ್ರ ಹಾಕುವ ಆ ಆ್ಯಪ್‌ನಲ್ಲಿ ನೀನೊಂದು ಮೇಜುಬಟ್ಟೆಯ ಚಿತ್ರ ಹಾಕಿದ್ದೆ. ಅದರ ಕೆಳಗೆ ನಾನು, ಎಡಗಡೆಯ ಅಂಚು ಸೊಟ್ಟಗಿದೆ, ಹೊಕ್ಕಿನ ನೂಲು ಸಡಿಲವಾಗಿದೆ, ಹೀಗಿರುವುದನ್ನು ಮಾರಬಾರದು ಎಂದು ಬರೆದೆ. ಅದಾದ ಒಂದು ವಾರಕ್ಕೆ ನಿನ್ನ ಪುಟ ಕಾಣದಾಯಿತು. ಈ ಪುಟ ಲಭ್ಯವಿಲ್ಲ ಎಂದು ಆ್ಯಪ್ ಹೇಳಿತು. ನೀನು ಅಂಗಡಿ ಮುಚ್ಚಿಬಿಟ್ಟೆ ಎಂದು ತಿಳಿದೆ. ನೇಯ್ಗೆಯಿಂದ ಬದುಕು ನಡೆಯುವುದಿಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂದು ನಾಲ್ಕೈದು ಜನರ ಹತ್ತಿರ ಹೇಳಿದ್ದೂ ಉಂಟು. ಕ್ರಿಸ್‌ಮಸ್‌ಗೆ ನಿನ್ನಿಂದ ಬರೀ ಕಾರ್ಡು ಬಂದಾಗ, ಸೋತವಳಿಗೆ ಮಾತು ಬೇಡವಾಗಿದೆ ಎಂದುಕೊಂಡು ಸುಮ್ಮನಾದೆ.

ಈ ಸೆಪ್ಟೆಂಬರ್ ಕೊನೆಯಲ್ಲಿ ಚಿಕ್ಕಮ್ಮ ಮಹಡಿಯಿಂದಲೇ ಒಂದು ಲಿಂಕ್ ಕಳಿಸಿದಳು. ಟೂವಾಳ ಹೊಸ ಬಟ್ಟೆ ನೋಡು ಎಂದು ಬರೆದಿದ್ದಳು. ಒತ್ತಿದೆ. ಆ್ಯಪ್ ತೆರೆಯಿತು, ಪುಟ ಲಭ್ಯವಿಲ್ಲ ಎಂದಿತು. ಅವಳನ್ನು ಕರೆದು ಕೇಳಿದರೆ ಅವಳ ಫೋನಿನಲ್ಲಿ ಅದೇ ಲಿಂಕ್ ಸಲೀಸಾಗಿ ತೆರೆದುಕೊಂಡಿತು. "ನಿನ್ನ ಫೋನಿಗೆ ವಯಸ್ಸಾಯ್ತು ಕಣಕ್ಕ. ನಮ್ಮ ಹಾಗೇ" ಅಂದಳು. ನಮ್ಮ ಎನ್ನುವಾಗ ನನ್ನ ಮುಖವನ್ನೇ ನೋಡಿದಳು.

ಗುರುವಾರಗಳಂದು ಪುರಸಭೆಯ ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಫೋನಿನ ತೊಂದರೆ ಸರಿಮಾಡಿಕೊಡುತ್ತಾರೆ. ಅಲ್ಲಿ ಪರ್ವಿನ್ ಎಂಬ ಹೆಂಗಸು ಕೂರುತ್ತಾಳೆ. ಹೊರದೇಶದಿಂದ ಸ್ವೀಡನ್ನಿಗೆ ಬಂದು ಮೂವತ್ತು ವರ್ಷವಾಯಿತಂತೆ. ನಮಗಿಂತ ಚೆನ್ನಾಗಿ ಸ್ವೀಡಿಷ್ ಬರೆಯುತ್ತಾಳೆ. ಅವಳು ನನ್ನ ಫೋನನ್ನು ಅತ್ತಿತ್ತ ತಿರುಗಿಸಿ, ಸೆಟ್ಟಿಂಗ್ಸ್‌ಗೆ ಹೋಗಿ, ಲಿಂಕ್‌ಗಳನ್ನು ಆ್ಯಪ್‌ನಲ್ಲಿ ತೆರೆಯಬೇಕೋ ಬ್ರೌಸರ್‌ನಲ್ಲಿ ತೆರೆಯಬೇಕೋ ಎಂದು ಕೇಳುವ ಕಡೆ ಒಂದು ಗುಂಡಿಯನ್ನು ಸರಿಸಿದಳು. ಮತ್ತೆ ಒತ್ತಲು ಹೇಳಿದಳು. ಒತ್ತಿದೆ. ನಿನ್ನ ಪುಟ ತೆರೆಯಿತು. ನಿನ್ನ ಮಗ್ಗ, ಕಿಟಕಿ, ಹಳದಿ ನೂಲಿನ ಉಂಡೆಗಳು. ಬೆರಳು ಎಳೆದಷ್ಟೂ ಚಿತ್ರಗಳು.

"ಫೋನ್ ಸರಿಹೋಯ್ತು" ಅಂದೆ. ಯಾರ ಪುಟ ಎಂದು ಪರ್ವಿನ್ ಕೇಳಿದಳು. ಮಗಳದು ಎಂದೆ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು. "ನಿಮ್ಮ ಫೋನು ಕೆಟ್ಟಿರ್ಲಿಲ್ಲ, ಮಾಯ್ಲಿಸ್. ಆ್ಯಪ್ ನಿಮ್ಮ ಹೆಸರು ಹೇಳ್ಕೊಂಡು ಒಳಗೆ ಹೋಗುತ್ತೆ. ಬ್ರೌಸರ್‌ನಲ್ಲಿ ಹೋದ್ರೆ ನೀವ್ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಯಾರೋ ದಾರೀಲಿ ಹೋಗೋರು ನೋಡಿದ ಹಾಗೆ."

"ಅಂದ್ರೆ?"

"ಅಂದ್ರೆ ನಿಮ್ಮ ಮಗಳು ನಿಮ್ಮನ್ನ ಬ್ಲಾಕ್ ಮಾಡಿದಾರೆ. ನಿಮ್ಮೊಬ್ಬರಿಗೆ ಮಾತ್ರ ಬಾಗಿಲು ಹಾಕಿದಾರೆ."

ನಾನು ಥ್ಯಾಂಕ್ಸ್ ಹೇಳಿ ಎದ್ದೆ. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೆ ಎಂಬುದು ಮನೆಗೆ ಬಂದು ಕನ್ನಡಿ ನೋಡಿದಾಗ ತಿಳಿಯಿತು. ಅಳಲಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಹೊಲಿಗೆ, ನೇಯ್ಗೆ ಕಲಿಸಿದವಳು ನಾನು. ಎಷ್ಟೋ ಮಕ್ಕಳಿಗೆ ಅಂಚು ಬಿಚ್ಚಿಸಿ ಮತ್ತೆ ನೇಯಿಸಿದ್ದೇನೆ. ಒಬ್ಬರೂ ನನಗೆ ಬಾಗಿಲು ಹಾಕಿರಲಿಲ್ಲ. ಅವರಿಗೆ ಹಾಕಲು ಬಾಗಿಲಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆ ಗುಂಡಿಯನ್ನು ಹಾಗೇ ಬಿಟ್ಟೆ. ದಿನವೂ ಬೆಳಿಗ್ಗೆ ಗಂಜಿ ಕುಡಿದಾದ ಮೇಲೆ ಚಿಕ್ಕಮ್ಮನ ಲಿಂಕ್ ಒತ್ತಿ ನಿನ್ನ ಪುಟ ನೋಡುತ್ತಿದ್ದೆ. ನೀನು ಕೂದಲು ಕತ್ತರಿಸಿಕೊಂಡದ್ದು ನೋಡಿದೆ. ನಿನಗೊಂದು ಬೂದು ಬೆಕ್ಕಿದೆ, ಅದು ನೂಲಿನ ಬುಟ್ಟಿಯಲ್ಲೇ ಮಲಗುತ್ತದೆ ಎಂದು ತಿಳಿಯಿತು. ಬೆಕ್ಕಿನ ಕೂದಲು ನೂಲಿಗೆ ಸೇರುತ್ತದೆ ಎಂದು ಬರೆಯಲು ಬೆರಳು ಹೋಯಿತು. ಹೆಸರಿಲ್ಲದವರು ಅಲ್ಲಿ ಬರೆಯುವ ಹಾಗಿಲ್ಲ. ಅದು ಒಳ್ಳೆಯದೇ ಆಯಿತು.

ಅಕ್ಟೋಬರ್ ಮೊದಲ ವಾರ ನಿನ್ನ ಕೈಗೆ ಪಟ್ಟಿ ಕಟ್ಟಿದ ಚಿತ್ರ ಬಂತು. ಸೈಕಲ್ಲಿನಿಂದ ಬಿದ್ದೆ, ಜನವರಿಯವರೆಗೆ ಹೊಸ ಆರ್ಡರ್ ಇಲ್ಲ, ನೇಯ್ದಿಟ್ಟ ಮೂರು ಮೇಜುಬಟ್ಟೆ ಮಾತ್ರ ಉಳಿದಿವೆ ಎಂದು ಬರೆದಿದ್ದೆ. ಫೋನು ಮಾಡಬೇಕೆಂದು ಕೈಗೆತ್ತಿಕೊಂಡೆ. ಹೇಗೆ ಗೊತ್ತಾಯಿತು ಎಂದು ನೀನು ಕೇಳಿದರೆ ಏನು ಹೇಳಲಿ? ಎತ್ತಿಕೊಂಡದ್ದನ್ನು ಇಟ್ಟುಬಿಟ್ಟೆ. ಅದರ ಬದಲು ಮಾಡಬಾರದ್ದೊಂದು ಮಾಡಿದೆ. ಆ ಮೂರರಲ್ಲಿ ಒಂದನ್ನು ಚಿಕ್ಕಮ್ಮ ತನ್ನ ಹೆಸರಿನಲ್ಲಿ ತರಿಸಲಿ ಎಂದು ಅವಳಿಗೆ ಹೇಳಿದೆ.

"ಪತ್ತೇದಾರಿ ಕೆಲಸಕ್ಕೆ ನನ್ನ ಎಳೀಬೇಡ ಅಕ್ಕ" ಅಂದಳು. ಆಮೇಲೆ, ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದಳು. "ನೀನು ಬರೆದದ್ದು ಓದಿ ಒಂದು ಅತಿಥಿಗೃಹದವರು ಹನ್ನೆರಡು ಮೇಜುಬಟ್ಟೆ ಬೇಡ ಅಂದ್ಬಿಟ್ರಂತೆ. ನಿನಗೆ ಗೊತ್ತಿತ್ತಾ?" ಗೊತ್ತಿರಲಿಲ್ಲ. ಟೂವಾ ಒಬ್ಬಳೇ ಓದುತ್ತಾಳೆ ಎಂದುಕೊಂಡು ಬರೆದಿದ್ದೆ ಎಂದೆ. "ಅದು ಅಡುಗೆಮನೆ ಅಲ್ಲ ಅಕ್ಕ, ಸಂತೆ" ಅಂದಳು. ಹಾಗೆ ಹೇಳಿಯೂ ಆರ್ಡರ್ ಮಾಡಿದಳು.

ಪೊಟ್ಟಣ ಬಂದಾಗ ಪೊಟ್ಟಣಗಳನ್ನು ಇಳಿಸಿ ಹೋಗುವ ಮೂಲೆಯ ದಿನಸಿ ಅಂಗಡಿಗೆ ಹೋಗಿ ತಂದವಳೂ ಅವಳೇ. ನನ್ನ ಮೇಜಿನ ಮೇಲೆ ಬಿಚ್ಚಿದೆವು. ನೀಲಿ-ಬಿಳಿ, ಬಾತುಕಣ್ಣು ಎನ್ನುವ ಪುಟ್ಟ ವಜ್ರಾಕಾರಗಳ ನೇಯ್ಗೆ. ಭೂತಗನ್ನಡಿ ಹಿಡಿದು ನಾಲ್ಕೂ ಅಂಚು ನೋಡಿದೆ. ಒಂದು ತಪ್ಪೂ ಸಿಗಲಿಲ್ಲ. ಮಡಿಕೆಯೊಳಗಿಂದ ಒಂದು ಚೀಟಿ ಬಿತ್ತು. ಗುನ್‌ಬ್ರಿಟ್ ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿ, ನನ್ನತ್ತ ತಳ್ಳಿದಳು. "ಹೇಳ್ಬೇಡ ಅಂದಿದಾಳೆ. ತೋರಿಸ್ಬೇಡ ಅಂದಿಲ್ಲ" ಅಂದಳು.

"ಚಿಕ್ಕಮ್ಮಾ, ಅಮ್ಮ ಹೇಗಿದಾಳೆ? ಮಂಡಿ ನೋವು ಹೆಚ್ಚಾಗಿದ್ಯಾ? ನಾನು ಕೇಳ್ದೆ ಅಂತ ಹೇಳ್ಬೇಡ" ಎಂದು ನೀನು ಬರೆದಿದ್ದೆ.

ಆ ಚೀಟಿ ನನ್ನದಲ್ಲ. ನಾನು ಅದನ್ನು ಸುಳ್ಳು ಹೆಸರಿನಲ್ಲಿ ಪಡೆದೆ. ಚಿಕ್ಕಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳು ನನಗೆ ತಿರುಗಿ ಹೇಳಿದ್ದಿಷ್ಟು: "ಇಬ್ರೂ ನನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡು ಒಬ್ಬರನ್ನೊಬ್ಬರು ನೋಡ್ತಿದೀರ. ನನಗೆ ಬೆನ್ನು ನೋಯ್ತಿದೆ."

ಮಾರನೆಯ ಗುರುವಾರ ಗ್ರಂಥಾಲಯಕ್ಕೆ ಹೋಗಿ, ಆ ಗುಂಡಿಯನ್ನು ಮೊದಲಿದ್ದ ಹಾಗೆ ಮಾಡಿಕೊಡು ಎಂದು ಪರ್ವಿನ್‌ಗೆ ಹೇಳಿದೆ. ಲಿಂಕ್ ಒತ್ತಿದರೆ ಆ್ಯಪ್‌ಗೇ ಹೋಗಲಿ, ನನ್ನ ಹೆಸರಿನಲ್ಲೇ ಹೋಗಲಿ. ಅವಳು ನನ್ನನ್ನು ನೋಡಿದಳು. "ಹೀಗೇ ಇದ್ರೆ ನಿಮಗೆ ಒಳ್ಳೇದಲ್ವಾ? ಮಗಳನ್ನ ನೋಡ್ಬಹುದು."

"ನೋಡ್ಬಹುದು. ಅವಳಿಗೆ ಅದು ಬೇಡ ಅಂತಲ್ವಾ ಬಾಗಿಲು ಹಾಕಿರೋದು?" ಎಂದೆ. ಅವಳು ಗುಂಡಿ ಸರಿಸಿ ಕೊಟ್ಟಳು. ಅಲ್ಲೇ ಒತ್ತಿ ನೋಡಿದೆ. ಪುಟ ಲಭ್ಯವಿಲ್ಲ ಎಂದಿತು. ಈ ಸಲ ಅದರ ಅರ್ಥ ಗೊತ್ತಿತ್ತು.

ನಿನ್ನ ಬಾಗಿಲು ತೆರೆ ಎಂದು ನಾನು ಕೇಳುತ್ತಿಲ್ಲ. ಸುಮಾರು ಮೂರು ವಾರ ನಿನಗೆ ಗೊತ್ತಾಗದಂತೆ ನಿನ್ನ ಮನೆಯೊಳಗೆ ನೋಡಿದೆ, ಅದು ನಿನಗೆ ಗೊತ್ತಿರಬೇಕು ಎಂದಷ್ಟೇ. ಮಂಡಿಯ ವಿಷಯ ಮೇಲೆ ಬರೆದಿದ್ದೇನೆ. ಇನ್ನು ಚೀಟಿಯಲ್ಲಿ ಕೇಳಬೇಕಾಗಿಲ್ಲ. ಕೈ ಪೂರ್ತಿ ಕೂಡುವವರೆಗೆ ಸೈಕಲ್ ಹತ್ತಬೇಡ. ಬೆಕ್ಕಿಗೂ ನನ್ನ ನಮಸ್ಕಾರ. ನಿನ್ನ ಮಗ್ಗ ನಡೆಯುತ್ತಿರಲಿ, ನೀನು ನೆಮ್ಮದಿಯಾಗಿರು.

ನಿನ್ನ ಅಮ್ಮ,
ಮಾಯ್ಲಿಸ್

ಮರೆತ ಮಾತು: ಗುನ್‌ಬ್ರಿಟ್ ಕೋಟು ಹಾಕಿಕೊಂಡು ನಿಂತಿದ್ದಾಳೆ, ನಾಲ್ಕಕ್ಕೆ ಅಂಚೆಡಬ್ಬಿ ತೆಗೆಯುತ್ತಾರಂತೆ. ಬೇಗ ಬರೆಯುತ್ತೇನೆ. ಎರಡು ವರ್ಷದ ಹಿಂದಿನ ಆ ಮೇಜುಬಟ್ಟೆಯ ಚಿತ್ರದ ಕೆಳಗೆ ನೀನು "ಅಜ್ಜಿಯಿಂದ ಬಂದ ನೇಯ್ಗೆ" ಎಂದು ಬರೆದಿದ್ದೆ. ಅಜ್ಜಿ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ಅದನ್ನು ನಿನಗೆ ಕಲಿಸಿದವಳು ನಾನು. ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಇರಲಿಲ್ಲ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಅಂಚು ನೋಡಿದೆ. ಅಂಚು ನೇರವಾಗಿಯೇ ಇತ್ತು, ಟೂವಾ. ಸೊಟ್ಟಗಿದೆ ಎಂದು ಬರೆಯುವಾಗಲೂ ನನಗದು ಗೊತ್ತಿತ್ತು. ಆ ಅತಿಥಿಗೃಹದವರಿಗೆ ಈ ಹಾಳೆ ಕಳಿಸು. ಹಿಂಬದಿಯಲ್ಲಿ ನನ್ನ ಪೂರ್ತಿ ಹೆಸರು, ವಿಳಾಸ ಬರೆದಿದ್ದೇನೆ.