ಆಸ್ಪತ್ರೆ ದೋಣಿಯ ಓಟಗಾಲಿ

ಗಂಗೊಳ್ಳಿ ಅಳಿವೆ,
ಮಾಘ ಮೂವತ್ತೊಂದು, ಕಡಲೇರಿನ ನೂರಾ ಹದಿನೆಂಟನೆಯ ವರ್ಷ

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಗಿರಿಜಾ ಖಾರ್ವಿಯ ನಮಸ್ಕಾರ.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ಭರತ ಇಳಿತಗಳ ಲೆಕ್ಕ ಸರಿದೂಗಿಸಲು ನಾವು ಮಾಘಕ್ಕೆ ಒಂದು ದಿನ ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಪದಗಳೂ ನಿಮಗೆ ಹೊಸವು, ಬೇಸರಿಸದೆ ಓದಿ.

ಕಡಲೇರು ಎಂದರೆ ಸಮುದ್ರ ಮೇಲೆ ಬಂದು ನಮ್ಮ ದಿಬ್ಬಗಳನ್ನೆಲ್ಲ ಕುದ್ರುಗಳನ್ನಾಗಿ, ಅಂದರೆ ನಡುಗಡ್ಡೆಗಳನ್ನಾಗಿ ಮಾಡಿದ ಕಾಲ. ಈಗ ನಮಗದು ದುಃಖದ ಮಾತಲ್ಲ. ಗೇರು ಚೆನ್ನಾಗಿ ಬರುತ್ತದೆ, ಏಡಿ ಅಗ್ಗ, ಮಕ್ಕಳು ದೋಣಿಯಲ್ಲೇ ಶಾಲೆಗೆ ಹೋಗುತ್ತಾರೆ. ನಾನು ಆಸ್ಪತ್ರೆಯ ದೋಣಿ ನಡೆಸುತ್ತೇನೆ. ಅದರಲ್ಲಿ ಎರಡು ಸಾಧನಗಳಿವೆ. ಓಟಗಾಲಿ ಎಂಬುದು ದೋಣಿಯಡಿ ತಿರುಗುತ್ತ ವೇಗ ಹೇಳುವ ಪುಟ್ಟ ಚಕ್ರ. ಆಳಗಣ್ಣು ತಳಕ್ಕೆ ಸದ್ದು ಕಳಿಸಿ, ಅದು ಮರಳುವ ಹೊತ್ತಿನಿಂದ ನೀರಿನ ಆಳ ಹೇಳುತ್ತದೆ.

ಹೋದ ವರ್ಷ ಎರಡನ್ನೂ ಬದಲಿಸಿದರು. ಆಮೇಲೆ ನಾನು ಎಲ್ಲಿಗೂ ಹೊತ್ತಿಗೆ ಮುಟ್ಟಲಿಲ್ಲ. ಓಟಗಾಲಿ ಗಂಟೆಗೆ ಹನ್ನೊಂದು ಮೈಲಿ ತೋರಿಸುತ್ತಿತ್ತು. ಆಳಗಣ್ಣು ಕಡಿಮೆ ನೀರು ತೋರಿಸಿದ್ದರಿಂದ, ಮರಳು ತುಂಬಿತೆಂದುಕೊಂಡು ಒಳದಾರಿ ಬಿಟ್ಟು ಸುತ್ತು ಹಾಕುತ್ತಿದ್ದೆ. ಕೇದಗೆಕುದ್ರುವಿನಿಂದ ಹೆರಿಗೆಗೆ ಕರೆ ಬಂದ ದಿನ ಡಾಕ್ಟರ್ ಜುಲೇಖಾ ಹನ್ನೊಂದು ಮೈಲಿಯ ಲೆಕ್ಕ ನಂಬಿ, ಇನ್ನೊಬ್ಬ ರೋಗಿಯನ್ನು ನೋಡಿಯೇ ಹೊರಟರು. ನಾವು ಮುಟ್ಟುವಷ್ಟರಲ್ಲಿ ಮಗು ಹುಟ್ಟಿ, ತಾಯಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಡಾಕ್ಟರ್ ಅವಳನ್ನು ಉಳಿಸಿದರು. ಆದರೆ ಹಿಂದಿರುಗುವಾಗ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನು ಉದಾಸೀನ ಮಾಡುತ್ತೇನೆಂದು ಅವರಿಗೆ ಅನಿಸಿತ್ತು. ಕೊನೆಗೆ ನನಗೂ ಹಾಗೇ ಅನಿಸತೊಡಗಿತು.

ಯಂತ್ರ ರಿಪೇರಿಯ ಲಿಗೋರಿ ಮಾಮನ ಹತ್ತಿರ ಹೇಳಿಕೊಂಡೆ.

"ನಿನ್ನ ದೂರೂದ್ ಆಮೇಲ್. ಮೊದ್ಲ್ ಯಂತ್ರ ಕಾಂಬ," ಎಂದರು.

ದಡದಲ್ಲಿ ಒಂದು ಮೈಲಿ ಅಂತರಕ್ಕೆ ನೆಟ್ಟ ಎರಡು ಕಂಬಗಳಿವೆ. ಅವುಗಳ ನಡುವೆ ಒಮ್ಮೆ ಹರಿವಿನ ಜೊತೆ, ಒಮ್ಮೆ ಹರಿವಿಗೆ ಎದುರು ಓಡಿಸಿ, ಎರಡೂ ಓಟದ ವೇಗದ ಸರಾಸರಿ ತೆಗೆದೆವು. ಬಂದದ್ದು ಒಂಬತ್ತೇ ಮೈಲಿ! ಗಾಲಿ ಹಾಕಿದವರು ಅದನ್ನು ನಮ್ಮ ದೋಣಿಗೆ ಹೊಂದಿಸಿರಲೇ ಇಲ್ಲ.

ಆಮೇಲೆ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟೆವು. ಹಗ್ಗದಲ್ಲಿ ಆರು ಮೊಳ ಬಂತು, ಆಳಗಣ್ಣಿನಲ್ಲಿ ನಾಲ್ಕು.

"ಹಳೇದ್ ನೀರಿನ ಮೇಲಿಂದ ಎಣ್ಸ್ತಿತ್ತ್. ಇದ್ ದೋಣಿ ಹೊಟ್ಟಿಯಿಂದ ಎಣ್ಸುದ್ ಮಾರಾಯ್ತಿ!" ಎಂದು ಮಾಮ ನಕ್ಕರು.

ನೀರೊಳಗೆ ಮುಳುಗಿರುವ ದೋಣಿಯ ಎರಡು ಮೊಳ ಲೆಕ್ಕದಿಂದ ತಪ್ಪಿಹೋಗಿತ್ತು. ಒಳದಾರಿಯಲ್ಲಿ ಮರಳು ತುಂಬಿರಲೇ ಇಲ್ಲ. ಮಾಮ ಎರಡನ್ನೂ ಸರಿಪಡಿಸಿಕೊಟ್ಟು, ಯಂತ್ರದ ತಪ್ಪನ್ನು ಡಾಕ್ಟರಿಗೂ ತಿಳಿಸಿದರು. ಆ ದಿನ ಎಷ್ಟೋ ತಿಂಗಳ ಮೇಲೆ ನನಗೆ ಊಟ ರುಚಿಸಿತು.

ಮೊನ್ನೆ ಕೇದಗೆಕುದ್ರುವಿನಿಂದ ಮತ್ತೊಂದು ಹೆರಿಗೆಗೆ ಕರೆ ಬಂತು. ಒಳದಾರಿ ಹಿಡಿದೆ. ನಾವು ಮುಟ್ಟಿ, ಡಾಕ್ಟರ್ ಗಂಜಿ ಉಂಡು, ಅಂಗಳದಲ್ಲಿ ಕೂತು ಕೂತು ಸಾಕಾದ ಮೇಲೆ ಮಗು ಹುಟ್ಟಿತು. ಬರುವಾಗ ಅವರು ನನ್ನ ಪಕ್ಕದಲ್ಲೇ ಕೂತರು.

"ಗಿರಿಜಕ್ಕ, ಅವತ್ತ್ ನಾನ್ ಮಾತಾಡ್ದೆ ಇದ್ದದ್ದ್ ತಪ್ಪಾಯ್ತ್."

"ಇರ್ಲಿ ಬಿಡಿ ಡಾಕ್ಟ್ರೆ. ನಂಗೇ ನನ್ನ ಮೇಲ್ ಅನ್ಮಾನ ಬಂದಿತ್ತ್," ಎಂದೆ.

ಹಿರಿಯರೇ, ಒಂದು ಕೋರಿಕೆ. ದಿನಾ ತಡವಾಗಿ ಬರುವವರು ನಿಮ್ಮ ಕಾಲದಲ್ಲೂ ಇದ್ದಾರು. ಗದರುವ ಮೊದಲು ಒಂದು ದಿನ ಅವರ ಜೊತೆಗೇ ಹೊರಟು, ಅವರ ದಾರಿಯಲ್ಲೇ ಬಂದು ನೋಡಿ.