ತಪ್ಪು ಜೆರ್ಸಿ

೧೨ ಅಕ್ಟೋಬರ್, ಭಾನುವಾರ. ಟಾರ್ನೀಟ್.

ಆ ಜೆರ್ಸಿ ಇನ್ನೂ ಕುರ್ಚಿಯ ಮೇಲೆಯೇ ಇದೆ. ನಾನು ಹಾಕುವುದಿಲ್ಲ.

ನನ್ನ ಬರ್ತ್‌ಡೇಗೆಂದು ಅಭಿನವ ಆಸೆಯಿಂದಲೇ ತರಿಸಿದ್ದ. ಆದರೆ ಇಷ್ಟು ವರ್ಷ ನನ್ನ ಪಕ್ಕ ಕುಳಿತು ಫುಟ್‌ಬಾಲ್ ನೋಡಿದ ಗಂಡ, ನನ್ನ ಮೆಚ್ಚಿನ ವಿಂಬಲ್ಡನ್ ತಂಡದ್ದು ಬಿಟ್ಟು ಮಿಲ್ಟನ್ ಕೀನ್ಸ್ ತಂಡದ್ದನ್ನು ಬುಕ್ ಮಾಡಿದ್ದಾನೆ. ಊಟಕ್ಕೆ ಬಂದವರ ಎದುರೇ, "ಹಳೇ ವಿಂಬಲ್ಡನ್ ಕ್ಲಬ್ಬ ಅಲ್ಲಿಗೆ ಹೋಗೇತಿ, ಎರಡೂ ಒಂದ ಅಲ್ಲೇನು?" ಎಂದ.

ಒಂದೇ ಅಲ್ಲ. ಲಂಡನ್ನಿನ ಆ ಕ್ಲಬ್ಬನ್ನು ಮಾಲೀಕರು ದೂರದ ಮಿಲ್ಟನ್ ಕೀನ್ಸ್ ಊರಿಗೆ ಎತ್ತಿಕೊಂಡು ಹೊರಟಾಗ, ಉಳಿದ ಅಭಿಮಾನಿಗಳು ಬಯಲಿನಲ್ಲಿ ಆಟಗಾರರ ಟ್ರಯಲ್ ಇಟ್ಟು ವಿಂಬಲ್ಡನ್ ಹೆಸರಿನಲ್ಲೇ ಹೊಸ ತಂಡ ಕಟ್ಟಿದರು. ತೀರ ಕೆಳಗಿನ ಲೀಗ್‌ಗಳಿಂದ ಮೇಲೆ ಹತ್ತಿ, ಕೊನೆಗೆ ತಮ್ಮ ಹಳೆಯ ಬೀದಿಗೇ ಮರಳಿದರು.

ಎಲ್ಲರಿಗೂ ಇದನ್ನೇ ಹೇಳಿದೆ. ಹೋಳಿಗೆ ತಣ್ಣಗಾಯಿತು. ಅಭಿನವ ನಗುತ್ತ, "ನೀನೂ ಬೆಳಗಾವಿ ಬಿಟ್ಟು ಈ ಪರದೇಶಕ್ಕ ಬಂದಾಕಿನ ಅಲ್ಲೇನು?" ಎಂದ. ಎಲ್ಲರೂ ನಕ್ಕರು. ನಾನು ಖಾಲಿ ತಟ್ಟೆಗಳನ್ನು ಒಳಗೆ ಒಯ್ದೆ. ಆ ನಗು ಈಗಲೂ ಉರಿಸುತ್ತಿದೆ.

ಪಾತ್ರೆ ತೊಳೆಯುವಾಗ ಅವನಿಗೆ ಕೊಡಬೇಕಾದ ಉತ್ತರ ಹೊಳೆಯಿತು. ಬಿಟ್ಟು ಬಂದೆ, ನಿಜ. ಆದರೆ ಬರುವಾಗ ಆ ಮಾಲೀಕರ ಹಾಗೆ ಬೆಳಗಾವಿಯನ್ನು ಎತ್ತಿಕೊಂಡು ಬರಲಿಲ್ಲ. ಅದು ಅಲ್ಲಿರುವವರದು. ಅವರಿಗೇ ಬಿಟ್ಟು ಬಂದೆ.

ಇದನ್ನು ಅವನಿಗೆ ಹೇಳುತ್ತೇನೆ. ಮೊದಲು ಜೆರ್ಸಿ ವಾಪಸ್ ಹೋಗಲಿ.